ನಿಮ್ಮದು ಎಷ್ಟು ಮನೆ? ಕರೋಕೆ ಸಂಜೆಗೆ ಹೆಸರು ಕೊಟ್ಟವರಿಗೆ

(ಮೈಸೂರಿನ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ, ರಾಜ್ಯೋತ್ಸವದ ಕರೋಕೆ ಸಂಜೆಗೆ ಹೆಸರು ಕೊಟ್ಟವರ ಮುಂದೆ ಆಡಿದ ಮಾತುಗಳ ಬರಹ ರೂಪ. ನಡುನಡುವೆ ನುಡಿಸಿ ತೋರಿಸಿದ್ದನ್ನು ಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೆಸರು ಕೊಟ್ಟವರ ಪಟ್ಟಿ ಮೊನ್ನೆ ಕೈಗೆ ಬಂತು. ಯಾರು ಯಾವ ಹಾಡು ಎಂದು ನೋಡುವ ಮೊದಲೇ ನನ್ನ ಕಣ್ಣು ಹೋದದ್ದು ಕೊನೆಯ ಅಂಕಣಕ್ಕೆ. ಅದರ ತಲೆಯಲ್ಲಿ 'ಶ್ರುತಿ' ಎಂದು ನಾನೇ ಬರೆದು ಕೊಟ್ಟಿದ್ದೆ. ಹಾಡುವಾಗ ಆಧಾರವಾಗಿ ಹಿಡಿಯುವ ಸ್ವರದ ಎತ್ತರ ಅದು, 'ಎಷ್ಟು ಮನೆ' ಎಂದು ಕೇಳುವುದೂ ಅದನ್ನೇ. 34 ಜನರಲ್ಲಿ ಅದನ್ನು ತುಂಬಿದವರು ಮೂವರು. ಒಬ್ಬರು 'ಒರಿಜಿನಲ್' ಎಂದು ಬರೆದಿದ್ದಾರೆ. ಇನ್ನೊಬ್ಬರು 'ಯಾವುದಾದರೂ ಸರಿ' ಎಂದಿದ್ದಾರೆ. ಇವತ್ತು ನಾನು ಏನೇ ಹೇಳಿದರೂ ತಿರುಗಿ ಆ ಅಂಕಣಕ್ಕೇ ಬರುತ್ತೇನೆ. ಯಾವುದಾದರೂ ಸರಿಯಲ್ಲ. ನಿಮಗೆ ಸರಿಯಾದ ಒಂದು ಶ್ರುತಿ ಇದೆ, ಅದನ್ನು ಹುಡುಕಿಕೊಂಡೇ ವೇದಿಕೆ ಹತ್ತಬೇಕು.

ನಾನು 22 ವರ್ಷ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿದವನು. ಗಣೇಶನ ಪೆಂಡಾಲು, ಬೆಂಗಳೂರಿನ ಬಡಾವಣೆಗಳ ಅಣ್ಣಮ್ಮ ದೇವಿ ಉತ್ಸವ, ರಾಜ್ಯೋತ್ಸವ, ಮದುವೆಯ ಆರತಕ್ಷತೆ, ಎಲ್ಲ ಕಡೆ ನುಡಿಸಿದ್ದೇನೆ. ಆಗ ಹಾಡುಗಾರರು ವೇದಿಕೆ ಹತ್ತಿದ ಕೂಡಲೇ ನನ್ನ ಕಡೆ ಬಗ್ಗಿ ಒಂದೇ ಮಾತು ಹೇಳುತ್ತಿದ್ದರು: 'ಸಾರ್, ಅರ್ಧ ಇಳಿಸಿ', 'ಸಾರ್, ಎರಡೂವರೆಗೆ ಇಡಿ'. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಎಂಬ ಗುಂಡಿ ಇದೆ. ಅದನ್ನು ಎರಡು ಸಲ ಒತ್ತಿದರೆ ಹಾಡು ಅವರ ಗಂಟಲಿಗೆ ಬಂದು ಕೂರುತ್ತಿತ್ತು. ಚರಣದಲ್ಲಿ ಉಸಿರು ಸಾಲದೆ ಅವರು ಒಂದು ಕ್ಷಣ ನಿಂತರೆ ತಬಲಾದವರು ನೋಡಿ ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು, ಹೆಚ್ಚು ಬಾರಿಸುತ್ತಿದ್ದರು. ಅವರು ಪಲ್ಲವಿಗೆ ಬೇಗ ಬಂದರೆ ನಾವೂ ಬೇಗ ಬಂದುಬಿಡುತ್ತಿದ್ದೆವು. ಕೇಳುವವರಿಗೆ ತಪ್ಪು ಗೊತ್ತಾಗುತ್ತಲೇ ಇರಲಿಲ್ಲ. ಪಕ್ಕವಾದ್ಯ ಎಂದರೆ ಅದೇ ತಾನೆ, ಹಾಡುವವರ ಪಕ್ಕದಲ್ಲಿ ಇರುವುದು.

ಕರೋಕೆಯಲ್ಲಿ ಇದು ತಲೆಕೆಳಗು. ಅಲ್ಲಿರುವುದು ಮೊದಲೇ ನುಡಿಸಿ ತುಂಬಿಟ್ಟ ವಾದ್ಯಸಂಗೀತ, ಅಂದರೆ ಟ್ರ್ಯಾಕ್. ಅದು ಕಾಯುವುದಿಲ್ಲ, ನೋಡುವುದಿಲ್ಲ, ತಲೆಯಾಡಿಸಿ ಸನ್ನೆ ಮಾಡುವುದಿಲ್ಲ. ನೀವೇ ಅದರ ಪಕ್ಕದಲ್ಲಿ ನಡೆಯಬೇಕು. ಹಾಗಾಗಿ ಆರ್ಕೆಸ್ಟ್ರಾದ ಎಂಟು ಜನ ಆ ಹೊತ್ತಿಗೆ ನಿಮಗಾಗಿ ಮಾಡುತ್ತಿದ್ದ ಕೆಲಸವನ್ನು ನೀವೊಬ್ಬರೇ ಮೊದಲೇ ಮನೆಯಲ್ಲಿ ಮಾಡಿ ಮುಗಿಸಿರಬೇಕಾಗುತ್ತದೆ. ಕರೋಕೆಗೆ ತಯಾರಿ ಎಂದು ನಾನು ಕರೆಯುವುದು ಇದನ್ನೇ.

ಈ ಯಂತ್ರ ಹುಟ್ಟಿದ ಬಗೆ ಗೊತ್ತಾದಾಗ ನನಗೆ ಬಹಳ ಸಂತೋಷವಾಯಿತು, ಅದಕ್ಕೇ ನಿಮಗೂ ಹೇಳುತ್ತೇನೆ. ಜಪಾನಿ ಭಾಷೆಯಲ್ಲಿ 'ಕರಾ' ಎಂದರೆ ಖಾಲಿ. 'ಓಕೆ' ಎನ್ನುವುದು ಆರ್ಕೆಸ್ಟ್ರಾ ಎಂಬ ಮಾತಿನ ಜಪಾನಿ ಉಚ್ಚಾರದ ಮೊದಲ ತುಂಡು. ಹಾಡುವವರ ಜಾಗ ಖಾಲಿ ಬಿಟ್ಟ ವಾದ್ಯಮೇಳ ಎಂದಿಟ್ಟುಕೊಳ್ಳಿ. ಕೋಬೆ ಎಂಬ ಊರಿನ ಕ್ಲಬ್ಬುಗಳಲ್ಲಿ ಗಿರಾಕಿಗಳು ಹಾಡುವಾಗ ಡೈಸುಕೆ ಇನೊಉಯೆ ಎಂಬವರು ವಾದ್ಯ ನುಡಿಸುತ್ತಿದ್ದರು. ನಮ್ಮಂಥವರೇ. ಒಬ್ಬ ಗಿರಾಕಿ, ಸಣ್ಣ ಕಂಪನಿಯ ಯಜಮಾನ, ಪ್ರವಾಸ ಹೊರಟಿದ್ದ. ಅಲ್ಲಿ ತಾನು ಹಾಡಬೇಕಾಗುತ್ತದೆ, ನನ್ನ ಗಂಟಲಿನ ಹದ ಗೊತ್ತಿರುವುದು ನಿಮಗೊಬ್ಬರಿಗೇ, ಜೊತೆಗೆ ಬನ್ನಿ ಎಂದು ಕರೆದ. ಇನೊಉಯೆಗೆ ಹೋಗಲಾಗಲಿಲ್ಲ. ಆತನಿಗಾಗಿ ವಾದ್ಯ ನುಡಿಸಿ ಟೇಪಿನಲ್ಲಿ ತುಂಬಿ ಕೊಟ್ಟು ಕಳಿಸಿದರು. ಅಲ್ಲಿಂದ ಹೊಳೆದ ಉಪಾಯವೇ 1971ರಲ್ಲಿ ಕಾಸು ಹಾಕಿದರೆ ನುಡಿಯುವ ಪೆಟ್ಟಿಗೆಯಾಯಿತು. ಮೊದಲು 11 ಪೆಟ್ಟಿಗೆ ಮಾಡಿಸಿ ಕೋಬೆಯ ಬಾರುಗಳಿಗೆ ಬಾಡಿಗೆಗೆ ಕೊಟ್ಟರು. ಪೇಟೆಂಟ್ ಮಾಡಿಸಲೇ ಇಲ್ಲ. ಅವರಿಗಿಂತ ಮುಂಚೆ, 1967ರಲ್ಲೇ, ಟೋಕಿಯೋದಲ್ಲಿ ಶಿಗೇಯಿಚಿ ನೆಗಿಶಿ ಎಂಬವರೂ ಇಂಥದೇ ಪೆಟ್ಟಿಗೆ ಮಾಡಿದ್ದರು. ಮೊದಲಿಗರು ಯಾರು ಎಂಬ ಚರ್ಚೆ ನಮಗೆ ಬೇಡ. ನನ್ನ ಮನಸ್ಸಿನಲ್ಲಿ ನಿಂತಿರುವುದು ಆ ಟೇಪು. ಅದು ಒಬ್ಬ ಮನುಷ್ಯನ ಕಂಠಕ್ಕೆ ಅಳತೆ ಹಿಡಿದು ಹೊಲಿದ ಅಂಗಿಯಂಥದ್ದು.

ಇವತ್ತು ಯೂಟ್ಯೂಬಿನಲ್ಲಿ ಸಿಗುವ ಟ್ರ್ಯಾಕುಗಳೂ ಅಳತೆ ಹಿಡಿದೇ ಹೊಲಿದ ಅಂಗಿಗಳು. ಆದರೆ ಆ ಅಳತೆ ರಾಜಕುಮಾರ್ ಅವರದು, ಎಸ್. ಜಾನಕಿಯವರದು, ಎಸ್‌ಪಿಬಿಯವರದು. ಅವನ್ನು ಹಾಗೇ ತೊಟ್ಟುಕೊಂಡು, ತೋಳು ಬಿಗಿಯಾದರೆ ನನ್ನ ತೋಳೇ ಸರಿಯಿಲ್ಲ ಎನ್ನುತ್ತೇವೆ.

ಈ ಮಾತನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಒಂದು ಗಣೇಶೋತ್ಸವದಲ್ಲಿ, ಸ್ಥಳೀಯರಿಗೂ ಒಂದೊಂದು ಹಾಡು ಎಂದು ಅವಕಾಶ ಕೊಟ್ಟಿದ್ದರು. ಒಬ್ಬ ಗೃಹಿಣಿ ಚೆನ್ನಾಗಿ ಅಭ್ಯಾಸ ಮಾಡಿಕೊಂಡು ಬಂದಿದ್ದರು. ಅವರಿಗಿಂತ ಮುಂಚೆ ಹಾಡಿದ ಹುಡುಗಿಗಾಗಿ ನಾನು ಕೀಬೋರ್ಡಿನ ಶ್ರುತಿಯನ್ನು ಮೂರು ಮೆಟ್ಟಿಲು ಏರಿಸಿದ್ದೆ. ತಿರುಗಿ ಇಳಿಸುವುದನ್ನು ಮರೆತೆ. ಆಕೆ ಪಲ್ಲವಿಯನ್ನು ಹೇಗೋ ಹಾಡಿದರು. ಚರಣದ ಎರಡನೆಯ ಸಾಲಿನಲ್ಲಿ ಧ್ವನಿ ಒಡೆಯಿತು. ಇನ್ನೊಮ್ಮೆ ಎತ್ತಿಕೊಂಡರು, ಮತ್ತೆ ಒಡೆಯಿತು. ಮೈಕ್ ಇಟ್ಟು ಇಳಿದು ಹೋದರು. ಜನ ಸಮಾಧಾನಕ್ಕೆಂದು ಚಪ್ಪಾಳೆ ತಟ್ಟಿದರು. ಮುಂದಿನ ಹಾಡಿಗೆ ಗುಂಡಿ ಮುಟ್ಟಿದಾಗ ನನಗೆ ತಪ್ಪು ಗೊತ್ತಾಯಿತು. ಹುಡುಕಿದರೆ ಅವರು ಹೊರಟುಹೋಗಿದ್ದರು. ನಾಲ್ಕು ವರ್ಷದ ಮೇಲೆ ಒಂದು ಮದುವೆಯಲ್ಲಿ ಸಿಕ್ಕರು. 'ಅವತ್ತೇ ಗೊತ್ತಾಯ್ತು ಸಾರ್, ನನಗೆ ಹಾಡು ಹತ್ತಲ್ಲ ಅಂತ. ಆಮೇಲೆ ಹಾಡಿಲ್ಲ' ಎಂದರು. ತಪ್ಪು ನನ್ನದು, ನಿಮ್ಮ ಗಂಟಲಿನದಲ್ಲ ಎಂದು ಹೇಳಿದೆ. ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ನಾಲ್ಕು ವರ್ಷ ಒಬ್ಬರು ಹಾಡದೆ ಉಳಿದರು, ಮೂರು ಮೆಟ್ಟಿಲಿನ ದೆಸೆಯಿಂದ. 'ನನಗೆ ಕಂಠ ಇಲ್ಲ' ಎಂದು ಯಾರೇ ಹೇಳಲಿ, ಮೊದಲು ನನಗೆ ನೆನಪಾಗುವುದು ಆಕೆ.

ಸರಿ, ನಿಮ್ಮ ಮನೆ ಹುಡುಕೋಣ.

ಹಾರ್ಮೋನಿಯಂ ಅಥವಾ ಕೀಬೋರ್ಡಿನಲ್ಲಿ ಒಂದು ಸ್ಥಾಯಿಗೆ, ಅಂದರೆ ಒಂದು 'ಸ'ದಿಂದ ಮೇಲಿನ 'ಸ'ದವರೆಗೆ, ಕರಿ ಬಿಳಿ ಸೇರಿ 12 ಮೆಟ್ಟಿಲು. ನಮ್ಮ ಕಡೆ ಸಂಗೀತ ಕಲಿತವರು 'ಒಂದು ಮನೆ', 'ಎರಡೂವರೆ ಮನೆ', 'ಐದು ಮನೆ' ಎನ್ನುತ್ತಾರೆ. ಧಾರವಾಡದ ಕಡೆಯವರು 'ಬಿಳಿ ನಾಲ್ಕು', 'ಕರಿ ಒಂದು' ಎನ್ನುತ್ತಾರೆ. ಯಕ್ಷಗಾನದ ಭಾಗವತರು 'ಕಪ್ಪು ಎರಡು', 'ಕಪ್ಪು ಮೂರು' ಎನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ಸಾಮಾನ್ಯವಾಗಿ ಗಂಡಸರ ಶ್ರುತಿ ಒಂದರಿಂದ ಎರಡು ಮನೆಯ ಆಸುಪಾಸಿನಲ್ಲಿ, ಹೆಂಗಸರದು ಐದರಿಂದ ಆರರ ಆಸುಪಾಸಿನಲ್ಲಿ ಬರುತ್ತದೆ. ಮೊಬೈಲಿನಲ್ಲಿ ತಂಬೂರಿಯ ಆ್ಯಪ್ ಹಾಕಿಕೊಳ್ಳಿ. ಷಡ್ಜದಲ್ಲಿ, ಅಂದರೆ 'ಸ'ದಲ್ಲಿ, ನಿಂತು ಕೆಳಗೆ ಮಂದ್ರದ ಪಂಚಮಕ್ಕೆ ('ಪ') ಇಳಿಯಿರಿ, ಮೇಲೆ ತಾರಸ್ಥಾಯಿಯ ಗಾಂಧಾರ ('ಗ') ಮುಟ್ಟಿ ಬನ್ನಿ. ಕೆಳಗೆ ಧ್ವನಿ ಗಾಳಿಯಾಗಿ ಹೋಗಬಾರದು, ಮೇಲೆ ಕತ್ತಿನ ನರ ಉಬ್ಬಬಾರದು. ಎರಡೂ ಸಲೀಸಾಗಿ ಆಗುವ ಶ್ರುತಿಯೇ ನಿಮ್ಮದು. ಇದನ್ನು ಬೆಳಿಗ್ಗೆ ಮಾಡಬೇಡಿ. ಎದ್ದ ಹೊತ್ತಿನಲ್ಲಿ ಧ್ವನಿ ದಪ್ಪಗಿರುತ್ತದೆ, ಕೆಳಗಿನ ಸ್ವರಗಳು ಇಲ್ಲದ ಧೈರ್ಯ ಕೊಡುತ್ತವೆ. ನಮ್ಮ ಕಾರ್ಯಕ್ರಮ ಸಂಜೆ ಆರೂವರೆಗೆ ಇದೆಯಲ್ಲ, ಆ ಹೊತ್ತಿಗೇ ನೋಡಿಕೊಳ್ಳಿ.

ಆದರೆ ಶ್ರುತಿ ಸಿಕ್ಕಿತು ಎಂದ ಮಾತ್ರಕ್ಕೆ ಹಾಡು ಸಿಕ್ಕಂತಲ್ಲ. ಒಂದೇ ಶ್ರುತಿಯಲ್ಲಿ ಒಂದು ಹಾಡು ಮಧ್ಯಸ್ಥಾಯಿಯಲ್ಲೇ ಓಡಾಡಿಕೊಂಡಿರುತ್ತದೆ, ಇನ್ನೊಂದು ತಾರಸ್ಥಾಯಿಗೆ ಏರಿ ಅಲ್ಲೇ ಮನೆ ಕಟ್ಟುತ್ತದೆ. ಸಿನಿಮಾ ಹಾಡುಗಳಲ್ಲಿ ಬಹುಮಟ್ಟಿಗೆ ಪಲ್ಲವಿ ತಗ್ಗಿನಲ್ಲಿ ಇರುತ್ತದೆ, ಚರಣದ ಮೂರನೆಯ ಸಾಲಿಗೆ ಹಾಡು ಮೇಲೇರುತ್ತದೆ. ನಾವು ಸ್ನಾನ ಮಾಡುವಾಗ, ಅಡುಗೆ ಮಾಡುವಾಗ ಗುನುಗುವುದು ಪಲ್ಲವಿಯನ್ನು. ಆ ನಂಬಿಕೆಯಲ್ಲೇ ಹೆಸರು ಕೊಟ್ಟಿರುತ್ತೇವೆ. ಆದ್ದರಿಂದ ಹಾಡು ಆರಿಸುವಾಗ ಪಲ್ಲವಿ ಬಿಡಿ, ಅತಿ ಎತ್ತರದ ಸಾಲನ್ನು ಹುಡುಕಿ ಅದೊಂದನ್ನೇ ಹತ್ತು ಸಲ ಹಾಡಿ. ಹತ್ತನೆಯ ಸಲವೂ ಮೊದಲನೆಯ ಸಲದಂತೆಯೇ ಇದ್ದರೆ ಹಾಡು ನಿಮ್ಮದು. ಆರನೆಯ ಸಲಕ್ಕೆ ಗಂಟಲು ಕೆರೆದರೆ ಒಂದು ಮೆಟ್ಟಿಲು ಇಳಿಸಿ ಮತ್ತೆ ನೋಡಿ.

ಇಳಿಸುವುದು ಹೇಗೆ? ಟ್ರ್ಯಾಕಿನ ಸ್ಕೇಲ್ ಬದಲಿಸುವ ಆ್ಯಪ್‌ಗಳು ಬೇಕಾದಷ್ಟಿವೆ. ಒಂದು ಸಲ ಒತ್ತಿದರೆ ಒಂದು ಮೆಟ್ಟಿಲು. ಮೂರು ಮೆಟ್ಟಿಲವರೆಗೆ ಟ್ರ್ಯಾಕ್ ಕೆಡುವುದಿಲ್ಲ. ಐದಾರಕ್ಕೆ ಹೋದರೆ ಕೊಳಲು ಪೀಪಿಯಂತೆ ಕೇಳುತ್ತದೆ, ತಬಲಾದ ನಾದ ಹೋಗಿ ಡಬ್ಬ ಬಡಿದಂತಾಗುತ್ತದೆ. ಗಂಡಸರ ಹಾಡನ್ನು ಹೆಂಗಸರು ಹಾಡುವಾಗ ಈ ತೊಂದರೆ ಬಂದೇ ಬರುತ್ತದೆ. ಎರಡೂ ಶ್ರುತಿಗಳ ನಡುವೆ ಮೇಲಕ್ಕೆ ಏಳು ಮೆಟ್ಟಿಲೋ ಕೆಳಕ್ಕೆ ಐದೋ ದೂರ ಇರುತ್ತದೆ. ಕೆಲವು ಹಾಡುಗಳಿಗೆ 'ಫೀಮೇಲ್ ಸ್ಕೇಲ್' ಎಂದೇ ಬೇರೆ ಟ್ರ್ಯಾಕ್ ಮಾಡಿ ಹಾಕಿರುತ್ತಾರೆ, ಮೊದಲು ಅದನ್ನು ಹುಡುಕಿ. ಸಿಗದಿದ್ದರೆ ಆ ಹಾಡನ್ನು ಬಿಡುವುದೇ ಮೇಲು. ಯುಗಳ ಗೀತೆಗೆ ಹೆಸರು ಕೊಟ್ಟ ಜೋಡಿಗಳು ಬೇರೆ ಬೇರೆ ಅಭ್ಯಾಸ ಮಾಡಬೇಡಿ. ಶ್ರುತಿ ಒಂದೇ, ಕಂಠ ಎರಡು. ಒಬ್ಬರಿಗಾಗಿ ಇಳಿಸಿದ್ದು ಇನ್ನೊಬ್ಬರಿಗೆ ಪಾತಾಳವಾಗುತ್ತದೆ, ಕೂತು ಮಾತಾಡಿಕೊಳ್ಳಿ.

ಹಿರಿಯ ಗಂಡಸರಿಗೆ ಒಂದು ಸೂಚನೆ. ರಾಜಕುಮಾರ್ ಅವರ ಹಾಡು ಎಂದು ನೀವು ಬರೆದು ಕೊಟ್ಟಿರುವುದರಲ್ಲಿ ಎರಡು ಬಗೆಯ ಹಾಡುಗಳಿವೆ. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಹಾಡಿದ ಮೇಲೆ ಅವರ ಹಾಡುಗಳನ್ನು ಹೆಚ್ಚಾಗಿ ಅವರೇ ಹಾಡಿಕೊಂಡರು. ಅದಕ್ಕೆ ಮುಂಚಿನ ಹಾಡುಗಳಲ್ಲಿ ಬಹುಪಾಲು ಪಿ.ಬಿ. ಶ್ರೀನಿವಾಸ್ ಅವರ ಕಂಠ. ಪಿಬಿಎಸ್ ಅವರದು ಮಂದ್ರದಲ್ಲಿ ಹದವಾಗಿ ಹರಡುವ ಧ್ವನಿ. ಮೇಲೇರಲು ಕಷ್ಟಪಡುವವರಿಗೆ ಅಲ್ಲಿ ಜಾಗವಿದೆ. ಆದರೆ ಅಲ್ಲಿ ಏರುವ ಕಷ್ಟ ಇಲ್ಲದಿದ್ದರೂ ನಿಲ್ಲುವ ಕಷ್ಟ ಇದೆ. ಉಸಿರು ಬಿಗಿ ಹಿಡಿದು ಒಂದೇ ಸ್ವರದಲ್ಲಿ ಅಲುಗದೆ ನಿಲ್ಲಬೇಕು. ಇನ್ನು 'ಜೀವನ ಚೈತ್ರ'ದ 'ನಾದಮಯ'. ರಾಜಕುಮಾರ್ ಅವರಿಗೆ 1992ರ ಸಾಲಿನ ರಾಷ್ಟ್ರಪ್ರಶಸ್ತಿ ತಂದ ಹಾಡು. ಈ ಪಟ್ಟಿಯಲ್ಲೂ ಇಬ್ಬರು ಅದನ್ನೇ ಬರೆದಿದ್ದಾರೆ. ತೋಡಿ ರಾಗದ ಗಮಕಗಳನ್ನು, ಅಂದರೆ ಸ್ವರಗಳ ಬಳುಕುಗಳನ್ನು, ಗುರುವಿನ ಎದುರು ಕೂತು ಕಲಿಯದೆ ಟ್ರ್ಯಾಕಿನ ಮೇಲೆ ಹಿಡಿಯುವುದು ಬಹಳ ಕಷ್ಟ. ಆ ಇಬ್ಬರಿಗೂ ಕೈಮುಗಿದು ಕೇಳಿಕೊಳ್ಳುತ್ತೇನೆ, ಈ ವರ್ಷ ಬೇರೆ ಹಾಡು ಆರಿಸಿ, ಆ ಹಾಡನ್ನು ವರ್ಷವಿಡೀ ಕಲಿಯಿರಿ, ಮುಂದಿನ ನವೆಂಬರಿನಲ್ಲಿ ಹಾಡಿ.

ಈಗ ಸಾಹಿತ್ಯ. ಇದರ ಬಗ್ಗೆ ನನಗೆ ಸ್ವಲ್ಪ ಹೆಚ್ಚು ಕಳಕಳಿ ಇದೆ, ಸಹಿಸಿಕೊಳ್ಳಿ.

ಬಹಳಷ್ಟು ಕನ್ನಡ ಟ್ರ್ಯಾಕುಗಳಲ್ಲಿ ಪರದೆಯ ಮೇಲೆ ಸಾಹಿತ್ಯ ಇಂಗ್ಲಿಷ್ ಅಕ್ಷರಗಳಲ್ಲಿ ಬರುತ್ತದೆ. ಆ ಅಕ್ಷರಗಳಲ್ಲಿ ಹಳ್ಳಿಗೂ ಹಲ್ಲಿಗೂ ವ್ಯತ್ಯಾಸವಿಲ್ಲ. ಬೆಳೆಯೂ ಬೆಲೆಯೂ ಒಂದೇ. ಕಾಡು ಎಂದರೂ ಕಾದು ಎಂದರೂ ಅದೇ ಅಕ್ಷರ. ಹಾಡು ಚೆನ್ನಾಗಿ ಗೊತ್ತಿರುವವರೂ ಪರದೆ ನೋಡುತ್ತಾ ನೋಡುತ್ತಾ ಕಣ್ಣಿಗೆ ಕಂಡದ್ದನ್ನೇ ಹಾಡಿಬಿಡುತ್ತಾರೆ. ಕಣ್ಣು ಕಿವಿಯನ್ನು ಸೋಲಿಸುತ್ತದೆ. ಹೊರದೇಶದ ಕನ್ನಡ ಸಂಘಗಳಲ್ಲಿ ಹಾಡುವ ಮಕ್ಕಳಿಗಂತೂ ಆ ಪರದೆಯೇ ಪಠ್ಯಪುಸ್ತಕ. ಅವರು ಳಕಾರ ತಪ್ಪಿದರೆ ಅವರನ್ನು ದೂರಬಾರದು, ಬರೆದು ಹಾಕಿದವರು ಎಚ್ಚರ ವಹಿಸಬೇಕಿತ್ತು. ನಮಗಿರುವ ದಾರಿ ಒಂದೇ. ಮೂಲ ಹಾಡು ಹಾಕಿಕೊಂಡು, ಸಾಲು ಸಾಲಿಗೆ ನಿಲ್ಲಿಸಿ, ನಿಮ್ಮ ಕೈಯಾರೆ ಕನ್ನಡದಲ್ಲಿ ನೋಟ್‌ಬುಕ್ಕಿಗೆ ಬರೆದುಕೊಳ್ಳಿ. ಮೊಬೈಲಿನಲ್ಲಿ ನಕಲು ಮಾಡಿ ಅಂಟಿಸಿದರೆ ಸಾಲದು. ಕೈ ಬರೆದದ್ದು ತಲೆಯಲ್ಲಿ ಉಳಿಯುತ್ತದೆ.

ಬರೆದ ಮೇಲೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತೀರಿ ಎಂದು ಗೀಟು ಹಾಕಿ. ಪದದ ನಡುವೆ ಗೀಟು ಬರಕೂಡದು. 'ಬೆಳದಿಂ' ಎಂದು ನಿಂತು ಉಸಿರೆಳೆದು 'ಗಳು' ಎಂದರೆ ಬೆಳದಿಂಗಳು ಅಲ್ಲಿಗೇ ಮುಗಿಯಿತು. ಆಮೇಲೆ ಸಾಲಿನ ಕೊನೆಯ ಅಕ್ಷರಗಳನ್ನು ನೋಡಿ. ಕನ್ನಡದ ಪದಗಳು ಹೆಚ್ಚುಕಡಿಮೆ ಎಲ್ಲವೂ ಸ್ವರಾಕ್ಷರದಲ್ಲೇ ಮುಗಿಯುತ್ತವೆ: ಉ, ಎ, ಇ, ಅ. ಹಾಡುವವರಿಗೆ ಇದು ಭಾಗ್ಯ, ಎಷ್ಟು ಬೇಕಾದರೂ ಎಳೆಯಬಹುದು. ಆದರೆ ಉಕಾರ ತುಟಿ ಮುಚ್ಚಿಸುತ್ತದೆ. ತಾರಸ್ಥಾಯಿಯಲ್ಲಿ ತುಟಿ ಮುಚ್ಚಿಕೊಂಡು ನಿಂತರೆ ಧ್ವನಿ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಅಂಥ ಕಡೆ ಉಕಾರವನ್ನು ಒಂದೆಳೆಯಷ್ಟು ಒಕಾರದ ಕಡೆ, ಇಕಾರವನ್ನು ಎಕಾರದ ಕಡೆ ತೆರೆಯಿರಿ. ಕೇಳುವವರಿಗೆ ಮಾತ್ರ ಉಕಾರವೇ ಕೇಳಬೇಕು. ಕನ್ನಡಿಯ ಮುಂದೆ ನಿಂತು ಮಾಡಿದರೆ ಒಂದು ವಾರದಲ್ಲಿ ಹದ ಸಿಗುತ್ತದೆ.

ಇನ್ನು ಲೆಕ್ಕ. ಪಲ್ಲವಿ ಮುಗಿದ ಮೇಲೆ ಬಿಜಿಎಂ, ಅಂದರೆ ಚರಣಕ್ಕೆ ಮುಂಚಿನ ಬರೀ ವಾದ್ಯದ ಭಾಗ, ಬರುತ್ತದೆ. ಆಗ ಸುಮ್ಮನೆ ನಿಂತಿರುವುದು, ನಗುವುದು, ಪರದೆಯ ಮೇಲೆ ಅಕ್ಷರ ಬಣ್ಣ ಬದಲಿಸಿದ ಕೂಡಲೇ ಗಾಬರಿಯಿಂದ ಎತ್ತಿಕೊಳ್ಳುವುದು, ಇದೇ ಅಲ್ಲವೇ ಎಲ್ಲರೂ ಮಾಡುವುದು? ಬಣ್ಣ ಬದಲಾದದ್ದು ಕಂಡು ಬಾಯಿ ತೆರೆಯುವಷ್ಟರಲ್ಲಿ ತಾಳದ ಅರ್ಧ ಮಾತ್ರೆ, ಅಂದರೆ ಅರ್ಧ ಎಣಿಕೆ, ಹೋಗಿರುತ್ತದೆ. ಆರ್ಕೆಸ್ಟ್ರಾದಲ್ಲಿ ನಾನು ತಲೆಯಾಡಿಸಿ ತೋರಿಸುತ್ತಿದ್ದೆ, ಈಗ ಎತ್ತಿಕೊಳ್ಳಿ ಎಂದು. ಟ್ರ್ಯಾಕಿನಲ್ಲೂ ಯಾವುದೋ ಒಂದು ವಾದ್ಯ ಹಾಗೆ ತಲೆಯಾಡಿಸುತ್ತದೆ. ಪಿಟೀಲುಗಳು ನಿಂತು ತಬಲಾ ಒಂದು ತಿರುವು ಬಾರಿಸಬಹುದು, ಕೊಳಲಿನ ಕೊನೆಯ ತುಣುಕು ಷಡ್ಜಕ್ಕೆ ಬಂದು ನಿಲ್ಲಬಹುದು. ಅದನ್ನು ಹುಡುಕಿ, ನೋಟ್‌ಬುಕ್ಕಿನಲ್ಲಿ ಆ ಜಾಗದಲ್ಲಿ ಬರೆಯಿರಿ: 'ಕೊಳಲು ಮುಗಿದ ಕೂಡಲೇ'. ಹಾಡು ಎಂಟು ಮಾತ್ರೆಯ ಕೆಹರವಾ ನಡೆಯದೋ ಆರು ಮಾತ್ರೆಯ ದಾದ್ರಾ ನಡೆಯದೋ ಎಂದು ತೊಡೆ ತಟ್ಟಿ ನೋಡಿಕೊಳ್ಳಿ. ಬಿಜಿಎಂ ಎಷ್ಟು ಆವರ್ತ ಎಂದು ಎಣಿಸಿ ಅದನ್ನೂ ಬರೆಯಿರಿ. ಎರಡನೆಯ ಬಿಜಿಎಂ ಮೊದಲನೆಯದರಷ್ಟೇ ಇರುತ್ತದೆ ಎಂದುಕೊಳ್ಳಬೇಡಿ. ಎಡವುವುದು ಹೆಚ್ಚಾಗಿ ಅಲ್ಲೇ.

ಅಭ್ಯಾಸದ ಕ್ರಮ ಒಂದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಮೊದಲ ವಾರ ಮೂಲ ಹಾಡನ್ನು ಕೇಳಿ, ಹಾಡಬೇಡಿ. ಎರಡನೆಯ ವಾರ ಟ್ರ್ಯಾಕ್ ಬಿಟ್ಟು ಬರೀ ತಂಬೂರಿಯ ಜೊತೆ ಹಾಡಿ. ಇದು ಬಹಳ ಕಷ್ಟ, ಏಕೆಂದರೆ ನಮ್ಮ ಶ್ರುತಿದೋಷ ಮುಚ್ಚಿಕೊಳ್ಳಲು ಅಲ್ಲಿ ಏನೂ ಇಲ್ಲ. ಮೂರನೆಯ ವಾರ ಟ್ರ್ಯಾಕಿಗೆ ಬನ್ನಿ. ಆಮೇಲೆ ಮೂಲ ಹಾಡನ್ನು ಕೇಳುವುದು ನಿಲ್ಲಿಸಿ. ಇಲ್ಲದಿದ್ದರೆ ಕಿವಿ ಆ ದೊಡ್ಡ ಗಾಯಕರ ಧ್ವನಿಯನ್ನು ಊರುಗೋಲು ಮಾಡಿಕೊಂಡಿರುತ್ತದೆ, ವೇದಿಕೆಯಲ್ಲಿ ಅದು ಇರುವುದಿಲ್ಲ. ನಿಮ್ಮ ಹಾಡನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. 'ಅಯ್ಯೋ, ಇದು ನನ್ನ ಧ್ವನಿಯೇ?' ಎನಿಸುತ್ತದೆ. ಎಲ್ಲರಿಗೂ ಹಾಗೆಯೇ. ನಾವು ಮಾತಾಡುವಾಗ ನಮ್ಮ ಧ್ವನಿ ತಲೆಯ ಮೂಳೆಯ ಮೂಲಕವೂ ಕಿವಿಗೆ ಬರುತ್ತದೆ, ಅದಕ್ಕೇ ನಮಗೆ ತುಂಬಿಕೊಂಡು ಕೇಳುತ್ತದೆ. ಮೊಬೈಲಿನಲ್ಲಿರುವುದು ಲೋಕ ಕೇಳುವ ಧ್ವನಿ. ನಾಲ್ಕು ದಿನ ಕೇಳಿದರೆ ಸ್ನೇಹವಾಗುತ್ತದೆ.

ಬ್ಲೂಟೂತ್ ಸ್ಪೀಕರ್, ಬ್ಲೂಟೂತ್ ಮೈಕ್ ಹಿಡಿದು ಅಭ್ಯಾಸ ಮಾಡುವವರು ಗಮನಿಸಿ. ಅದರಲ್ಲಿ ಶಬ್ದ ಹತ್ತರಲ್ಲೊಂದು ಸೆಕೆಂಡಿಗಿಂತ ಹೆಚ್ಚು ತಡವಾಗಿ ಹೊರಬರಬಹುದು. ನಿಮ್ಮ ಧ್ವನಿ ನಿಮಗೇ ತಡವಾಗಿ ಕೇಳಿದರೆ ಲಯ ಹಿಂದೆ ಬೀಳುತ್ತದೆ, ಅದೇ ರೂಢಿಯೂ ಆಗುತ್ತದೆ. ತಂತಿಯ ಇಯರ್‌ಫೋನಿನಲ್ಲಿ ಒಂದು ಕಿವಿಗೆ ಟ್ರ್ಯಾಕ್ ಹಾಕಿಕೊಂಡು, ಇನ್ನೊಂದು ಕಿವಿ ಖಾಲಿ ಬಿಟ್ಟು ಹಾಡಿ. ಈ ಭವನದಲ್ಲೂ ಅಂಥದೇ ತೊಂದರೆ ಇದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ವೇದಿಕೆಯಿಂದ ಹಿಂದಿನ ಗೋಡೆಗೆ ಸುಮಾರು 17 ಮೀಟರ್. ದೊಡ್ಡ ಸ್ಪೀಕರುಗಳು ಜನರ ಕಡೆ ಮುಖ ಮಾಡಿರುತ್ತವೆ. ಹಿಂದಿನ ಗೋಡೆಗೆ ಬಡಿದು ತಿರುಗಿ ಬರುವ ಶಬ್ದವನ್ನು ನೀವು ಕೇಳಿದರೆ ಅದಾಗಲೇ ಸೆಕೆಂಡಿನ ಹತ್ತನೆಯ ಒಂದು ಭಾಗ ತಡ. ಆದ್ದರಿಂದ ನಿಮ್ಮ ಕಾಲ ಬಳಿ ಇಟ್ಟಿರುವ ಮಾನಿಟರನ್ನೇ ಕೇಳಿ, ಅದು ಕೇಳಿಸದಿದ್ದರೆ ಹಾಡು ಶುರುವಾಗುವ ಮುಂಚೆಯೇ ಸೌಂಡಿನವರಿಗೆ ಹೇಳಿ. ಸಂಕೋಚ ಬೇಡ, ಕೇಳುವುದು ಹಾಡುವವರ ಹಕ್ಕು.

ಎಕೋ ಹೆಚ್ಚು ಮಾಡಿ ಎಂದು ಮಾತ್ರ ಕೇಳಬೇಡಿ. ಎಕೋ ಕೇಳುವವರಿಗೆ ದೋಷ ಮುಚ್ಚುವುದಕ್ಕಿಂತ ಹೆಚ್ಚಾಗಿ ಹಾಡುವವರಿಗೇ ಮುಚ್ಚುತ್ತದೆ. ಶ್ರುತಿ ಜಾರಿದ್ದು ತಿಳಿಯದಿದ್ದರೆ ಸರಿಮಾಡಿಕೊಳ್ಳುವುದು ಹೇಗೆ?

ಮೈಕ್ ಹಿಡಿಯುವುದನ್ನೂ ಅಭ್ಯಾಸ ಮಾಡಬೇಕು. ಮನೆಯಲ್ಲಿ ಲಟ್ಟಣಿಗೆ ಹಿಡಿದು ಮಾಡಿ, ಸಾಕು. ನಮ್ಮಲ್ಲಿ ಬಳಸುವುದು ಎದುರಿನ ಶಬ್ದವನ್ನು ಹಿಡಿದು ಹಿಂದಿನದನ್ನು ಬಿಡುವ ಮೈಕು. ಶೂರ್ ಕಂಪನಿಯ ಎಸ್‌ಎಂ 58 ಅಂಥದ್ದೇ, 1966ರಿಂದ ಇವತ್ತಿಗೂ ವೇದಿಕೆಗಳಲ್ಲಿ ಇದೆ. ಅದರ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಆ ಗುಣವೇ ಹೋಗುತ್ತದೆ. ಸ್ಪೀಕರಿನ ಶಬ್ದವೂ ಒಳಗೆ ನುಗ್ಗಿ, ದೊಡ್ಡದಾಗಿ ಹೊರಬಂದು, ಮತ್ತೆ ನುಗ್ಗಿ 'ಕೀಂಯ್' ಎನ್ನುತ್ತದೆ. ಕೆಳಗಿನ ಹಿಡಿಯನ್ನಷ್ಟೇ ಹಿಡಿಯಿರಿ, ಬಾಯಿಂದ ಮೂರು ಬೆರಳು ದೂರ. ಮಂದ್ರದಲ್ಲಿ ಹತ್ತಿರ ತನ್ನಿ, ಧ್ವನಿಗೆ ತೂಕ ಬರುತ್ತದೆ. ತಾರಸ್ಥಾಯಿಗೆ ಹೋಗುವಾಗ ಒಂದು ಗೇಣು ದೂರ ಒಯ್ಯಿರಿ. ಪ, ಬ, ಫ, ಭ ಬರುವ ಕಡೆ ಮೈಕನ್ನು ಬಾಯಿಗೆ ನೇರ ಇಡದೆ ಸ್ವಲ್ಪ ಓರೆ ಮಾಡಿ, ಗಾಳಿ ಜಾಲರಿಗೆ ಬಡಿಯುವುದಿಲ್ಲ. ಮಹಾಪ್ರಾಣಕ್ಕೆ ಹೆದರಿ 'ಭಾವ'ವನ್ನು 'ಬಾವ' ಮಾಡಬೇಡಿ.

ಗಂಟಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುಡಿದ ಬಿಸಿನೀರು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿ ಹೊರಡುವ ಜಾಗಕ್ಕಲ್ಲ. ಹಾಗಾಗಿ ವೇದಿಕೆ ಹತ್ತುವ ಐದು ನಿಮಿಷ ಮೊದಲು ಒಂದು ಲೋಟ ಕುಡಿದರೆ ಪ್ರಯೋಜನ ಕಡಿಮೆ. ಹಿಂದಿನ ದಿನದಿಂದಲೇ ಆಗಾಗ ಕುಡಿಯುತ್ತಿರಿ. ಗಟ್ಟಿಯಾಗಿ ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಡಿ, ಒಂದು ಗುಟುಕು ನುಂಗಿ. ಆ ದಿನ ಪೂರ್ತಿ ಹಾಡನ್ನು ಪದೇ ಪದೇ ಹಾಡಿ ದಣಿಯಬೇಡಿ. ಸರಳೆ ವರಸೆ ಗೊತ್ತಿದ್ದರೆ ಅಕಾರದಲ್ಲಿ ಹತ್ತು ನಿಮಿಷ, ಗೊತ್ತಿಲ್ಲದಿದ್ದರೆ ಬಾಯಿ ಮುಚ್ಚಿ ಗುನುಗುವುದು ಹತ್ತು ನಿಮಿಷ, ಅಷ್ಟೇ. ಭಾನುವಾರದ ಊಟಕ್ಕೆ ಹೋಳಿಗೆ ಇದೆ ಎಂದು ಕೇಳಿದೆ. ಹಾಡುವವರು ರಾತ್ರಿಗೆ ಎತ್ತಿಡಿಸಿಕೊಳ್ಳಿ.

ಪ್ರಶ್ನೆಗಳಿವೆಯೇ?

(ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಕೇಳಿದರು: 'ಟ್ರ್ಯಾಕ್ ಇಳಿಸಿ ಹಾಡಿದರೆ ಹಾಡಿಗೆ ಮೋಸ ಮಾಡಿದಂತೆ ಆಗುವುದಿಲ್ಲವೇ? ಒರಿಜಿನಲ್ ಶ್ರುತಿಯಲ್ಲಿ ಹಾಡುವವರೇ ನಿಜವಾದ ಹಾಡುಗಾರರು ಅಂತಾರೆ.')

ಯಾರು ಅಂತಾರೆ ಸಾರ್? ಕಚೇರಿಯಲ್ಲಿ ಒಂದೇ ಕೃತಿಯನ್ನು ಗಂಡಸರು ಒಂದು ಮನೆಯಲ್ಲಿ ಹಾಡುತ್ತಾರೆ, ಹೆಂಗಸರು ಐದರಲ್ಲಿ ಹಾಡುತ್ತಾರೆ. ಕೃತಿಗೆ ಮೋಸವಾಯಿತು ಎಂದು ಯಾರೂ ಹೇಳಿಲ್ಲ. ನಮ್ಮ ಸಂಗೀತದಲ್ಲಿ ಷಡ್ಜ ಹಾಡುವವರದು. ಒರಿಜಿನಲ್ ಶ್ರುತಿ ಎನ್ನುವುದು ಆ ದಿನ ಸ್ಟುಡಿಯೋದಲ್ಲಿ ಆ ಗಾಯಕರಿಗೆ ಹೊಂದಿದ್ದು. ಆ ಪಟ್ಟಿಯಲ್ಲಿ 'ಒರಿಜಿನಲ್' ಎಂದು ಬರೆದವರು ನೀವೇ ಅಲ್ಲವೇ? ನಾಳೆ ಬನ್ನಿ, ಒಂದು ಮೆಟ್ಟಿಲು ಇಳಿಸಿ ನೋಡೋಣ. ಹಿಡಿಸದಿದ್ದರೆ ತಿರುಗಿ ಏರಿಸೋಣ.

(ಕಡೆಯ ಸಾಲಿನಿಂದ ಒಬ್ಬ ಅಜ್ಜಿ ಎದ್ದು ನಿಂತರು. 'ನನಗೆ ಎಪ್ಪತ್ತೊಂದು. ಹೆಸರು ಕೊಟ್ಟಿಲ್ಲ. ಮೊದಲು ದೇವರನಾಮ ಹಾಡ್ತಿದ್ದೆ. ಈಗ ಧ್ವನಿ ನಡುಗುತ್ತೆ. ಹಾಡಬಹುದಾ ಮಗೂ?' ಎಂದು ಕೇಳಿದರು.)

ಹಾಡಬಹುದು ಅಮ್ಮ. ವಯಸ್ಸಾದಂತೆ ಉಸಿರಿನ ಬಿಗಿ ಕಡಿಮೆಯಾಗುತ್ತದೆ, ಉದ್ದ ಸ್ವರ ಹಿಡಿದಾಗ ನಡುಕ ಬರುತ್ತದೆ. ಚಿಕ್ಕ ಚಿಕ್ಕ ಸಾಲಿರುವ ಹಾಡು ಆರಿಸಿ. ಮೊದಲು ಒಂದೇ ಉಸಿರಿಗೆ ಹಾಡುತ್ತಿದ್ದ ಸಾಲಿಗೆ ಈಗ ಎರಡು ಗೀಟು ಹಾಕಿ. ಮೊದಲು ನಿಮ್ಮದು ಎಷ್ಟು ಮನೆ?

('ಐದೂವರೆ ಅಂತಿದ್ರು ನಮ್ಮ ಮೇಷ್ಟ್ರು.')

ಬನ್ನಿ, ಇಲ್ಲಿ ಕೂರಿ. ಐದೂವರೆ ಹಾಕುತ್ತೇನೆ, ಬರೀ ಷಡ್ಜ ಹಿಡಿಯಿರಿ.

(ಅವರು ಹಿಡಿದರು. ಧ್ವನಿ ನಡುಗಿತು. ನಾಲ್ಕೂವರೆಗೆ ಇಳಿಸಿದೆ, ಸ್ವಲ್ಪ ನಿಂತಿತು. ನಾಲ್ಕಕ್ಕೆ ಇಳಿಸಿದೆ. ಅವರು ಕಣ್ಣು ಮುಚ್ಚಿಕೊಂಡು, ನಾನು ಕೇಳದೆಯೇ, ಪಲ್ಲವಿ ಎತ್ತಿಕೊಂಡರು. ಅಲ್ಲಲ್ಲಿ ನಿಂತರು, ನಾನೂ ಅವರ ಜೊತೆ ನಿಂತೆ. ಮೊದಲ ಚರಣ ಮುಗಿಸಿ, 'ಇನ್ನೊಂದು ಚರಣ ಇದೆ' ಎಂದು ಅದನ್ನೂ ಹಾಡಿದರು. ಆಮೇಲೆ ಪಟ್ಟಿ ತರಿಸಿ 35ನೆಯ ಹೆಸರು ಬರೆಸಿದರು. ಕೊನೆಯ ಅಂಕಣದಲ್ಲಿ 'ನಾಲ್ಕು ಮನೆ' ಎಂದು ತಾವೇ ಬರೆದರು.)